ತರಗತಿಗೆ ಉಚಿತ ಆನ್‌ಲೈನ್ ಸಾಧನಗಳು: ಜಿಯೋಜೀಬ್ರಾ ಜಾಸ್ತಿ, ಉಳಿದದ್ದು ಕಮ್ಮಿ

ಬಿ.ಎಡ್. ಓದುತ್ತಾ ಪ್ರಾಕ್ಟೀಸ್ ಟೀಚಿಂಗ್‌ಗೆ ಹೊರಟಿರುವ ಗೆಳೆಯರಿಗೆ ಈ ಟಿಪ್ಪಣಿ. ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪೇಪರ್‌ನಲ್ಲಿ ಸಾಧನಗಳ ಹೆಸರು, ಉಪಯೋಗ ಬರೆದರೆ ಅಂಕ ಬರುತ್ತದೆ. ಗುಬ್ಬಿ ಕಡೆಯ ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ಮುಂದೆ ನಿಂತಾಗ ಅಷ್ಟು ಸಾಲುವುದಿಲ್ಲ. ಅಲ್ಲಿ ಇರುವುದು ಒಂದು ಪ್ರೊಜೆಕ್ಟರ್. ಲ್ಯಾಪ್‌ಟಾಪ್ ನಮ್ಮದು, ಹಾಟ್‌ಸ್ಪಾಟ್ ನಮ್ಮ ಫೋನಿನದು. ಮಕ್ಕಳ ಕೈಯಲ್ಲಿ ಫೋನ್ ಇರುವುದಿಲ್ಲ. ಹಾಗಾಗಿ ಪ್ರತಿ ಮಗುವೂ ಲಾಗಿನ್ ಆಗಬೇಕಾದ ಸಾಧನಗಳ ವಿಷಯವನ್ನೇ ನಾನು ಇಲ್ಲಿ ಎತ್ತಿಲ್ಲ.

ಮೊದಲ ನಿಯಮ: ಎಲ್ಲವನ್ನೂ ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೇ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೂ ಪ್ರೊಜೆಕ್ಟರ್ ಹಾಕಿದ ಹೊತ್ತಿಗೇ ಕರೆಂಟು ಹೋಗುತ್ತದೆ ಅಲ್ವಾ? ಹೋದರೆ ಲ್ಯಾಪ್‌ಟಾಪನ್ನೇ ಮೇಜಿನ ಮೇಲಿಟ್ಟು ಗುಂಪು ಗುಂಪಾಗಿ ಕರೆದು ತೋರಿಸಿ.

ದೀಕ್ಷಾ

2017ರಲ್ಲಿ ಶುರುವಾದ, ಶಾಲಾ ಪಾಠಗಳಿರುವ ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಇದರದ್ದೇ. ಪುಸ್ತಕ ಹಳೆಯದಾಗಿ ಕೋಡ್ ಸ್ಕ್ಯಾನ್ ಆಗದಿದ್ದರೆ ಅದರ ಕೆಳಗೆ ಆರು ಅಕ್ಷರ-ಅಂಕಿಗಳ ಸಾಲು ಇರುತ್ತದೆ, ಅದನ್ನು ಟೈಪ್ ಮಾಡಿದರೂ ಪಾಠ ತೆರೆಯುತ್ತದೆ. ಆ್ಯಪ್‌ನಲ್ಲಿ ವಿಡಿಯೋ ಇಳಿಸಿಕೊಳ್ಳಬಹುದು. ಇದಕ್ಕಿಂತ ಹೇಳುವುದೇನೂ ಇಲ್ಲ.

ಫೆಟ್

ಪ್ರಯೋಗಗಳನ್ನು ಪರದೆಯ ಮೇಲೆಯೇ ಮಾಡಿ ನೋಡುವ ಸಿಮ್ಯುಲೇಷನ್‌ಗಳ ತಾಣ. ಭೌತಶಾಸ್ತ್ರದವರಿಗೆ ಇದು ಬೇಕೇ ಬೇಕು. 2001ರ ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಮರುವರ್ಷ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಇದನ್ನು ಶುರು ಮಾಡಿದರು. ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಷನ್‌ನಲ್ಲಿ ಬ್ಯಾಟರಿ, ಬಲ್ಬು, ತಂತಿ ಎಳೆದು ಜೋಡಿಸಿದರೆ ಸಾಕು, ಓಮನ ನಿಯಮ ಕಣ್ಣೆದುರೇ ನಡೆಯುತ್ತದೆ. ಕನ್ನಡಕ್ಕೆ ಅನುವಾದ ಆಗಿರುವ ಸಿಮ್ಯುಲೇಷನ್‌ಗಳೂ ಇವೆ. ಹೊಸ ಮಾದರಿಯವು ಒಂದೇ ಫೈಲ್ ಆಗಿ ಇಳಿಯುತ್ತವೆ, ನೆಟ್ ಇಲ್ಲದೆ ಬ್ರೌಸರ್‌ನಲ್ಲೇ ತೆರೆಯುತ್ತವೆ. ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋದರೆ ಆಯ್ತು.

ಜಿಯೋಜೀಬ್ರಾ

ಈಗ ಅಸಲು ವಿಷಯ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬುವರು 2001ರಲ್ಲಿ ಶುರು ಮಾಡಿದ, ಗಣಿತದ ಚಿತ್ರಗಳನ್ನು ಬರೆದು ಎಳೆದಾಡಿ ನೋಡುವ ತಂತ್ರಾಂಶ ಇದು. ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ ಉಚಿತ. ಕ್ಲಾಸಿಕ್ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಡ.

ಹತ್ತನೇ ತರಗತಿಯ ಥೇಲ್ಸ್ ಪ್ರಮೇಯ ತೆಗೆದುಕೊಳ್ಳೋಣ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ. ಚಿತ್ರ ಹೀಗೆ ಬರಬೇಕು: ಪಾಲಿಗನ್ ಟೂಲ್‌ನಿಂದ ಎಬಿಸಿ ತ್ರಿಭುಜ. ಎಬಿ ಬಾಹುವಿನ ಮೇಲೆ ಪಾಯಿಂಟ್ ಟೂಲ್‌ನಿಂದ ಡಿ ಬಿಂದು. ಪ್ಯಾರಲಲ್ ಲೈನ್ ಟೂಲ್ ತೆಗೆದು ಡಿ ಬಿಂದುವನ್ನೂ ಬಿಸಿ ಬಾಹುವನ್ನೂ ಒತ್ತಿದರೆ ಸಮಾಂತರ ರೇಖೆ ಬರುತ್ತದೆ. ಇಲ್ಲಿಯವರೆಗೆ ಯಾರಿಗೂ ತೊಂದರೆ ಇಲ್ಲ.

ತೊಂದರೆ ಇರುವುದು ಇ ಬಿಂದುವಿನಲ್ಲಿ. ಸಮಾಂತರ ರೇಖೆ ಎಸಿ ಬಾಹುವನ್ನು ದಾಟುವ ಜಾಗ ಕಣ್ಣಿಗೆ ಕಾಣುತ್ತಲೇ ಇದೆ. ಅಲ್ಲೊಂದು ಚುಕ್ಕಿ ಇಟ್ಟರೆ ಮುಗಿಯಿತಲ್ಲ ಅನ್ನಿಸುತ್ತದೆ. ಕ್ಲಿಕ್ ಸರಿಯಾಗಿ ಬಿದ್ದರೆ ಮುಗಿಯಿತು, ನಿಜ. ಕೂದಲೆಳೆಯಷ್ಟು ಆಚೀಚೆಯಾದರೆ ಮೂರು ತರ ಆಗಬಹುದು. ಬಿಂದು ಎಸಿ ಬಾಹುವಿಗೆ ಮಾತ್ರ ಅಂಟಿಕೊಳ್ಳಬಹುದು. ಸಮಾಂತರ ರೇಖೆಗೆ ಮಾತ್ರ ಅಂಟಬಹುದು. ಯಾವುದಕ್ಕೂ ಅಂಟದೆ ಸುಮ್ನೆ ಖಾಲಿ ಜಾಗದಲ್ಲಿ ಕೂರಬಹುದು. ಪರದೆಯ ಮೇಲೆ ಮಾತ್ರ ಎಲ್ಲವೂ ಒಂದೇ ತರ ಕಾಣುತ್ತವೆ! ತರಗತಿಯಲ್ಲಿ ಡಿ ಬಿಂದುವನ್ನು ಎಳೆದಾಗಲೇ ಬಣ್ಣ ಬಯಲಾಗುವುದು: ರೇಖೆ ಸರಿಯುತ್ತದೆ, ಇ ಬಿಂದು ಇದ್ದಲ್ಲೇ ಇರುತ್ತದೆ, ಇಲ್ಲವೇ ರೇಖೆಯ ಜೊತೆ ಹೋಗಿ ಎಸಿ ಬಾಹುವನ್ನು ಬಿಟ್ಟುಬಿಡುತ್ತದೆ.

ಇದು ತಲೆಗೆ ಹತ್ತಬೇಕಾದರೆ ಒಂದು ವಿಷಯ ತಿಳಿಯಬೇಕು. ಜಿಯೋಜೀಬ್ರಾ ಚಿತ್ರವನ್ನು ನೆನಪಿಟ್ಟುಕೊಳ್ಳುವುದಿಲ್ಲ, ಸಂಬಂಧವನ್ನು ನೆನಪಿಟ್ಟುಕೊಳ್ಳುತ್ತದೆ. 'ಇ ಎಂದರೆ ಈ ರೇಖೆಯೂ ಆ ಬಾಹುವೂ ಸೇರುವ ಜಾಗ' ಎಂದು ನಾವು ಹೇಳಿಕೊಟ್ಟರೆ, ರೇಖೆ ಎಲ್ಲಿಗೆ ಹೋದರೂ ಅದು ಹುಡುಕಿಕೊಂಡು ಹೋಗುತ್ತದೆ. ಹೇಳದಿದ್ದರೆ ಅದಕ್ಕೆ ಅದೊಂದು ಚುಕ್ಕಿ, ಅಷ್ಟೇ. ಹಾಗೆ ಹೇಳಿಕೊಡುವ ಟೂಲ್ ಇಂಟರ್‌ಸೆಕ್ಟ್. ಅದನ್ನು ತೆಗೆದು, ಸಮಾಂತರ ರೇಖೆಯನ್ನು ಒತ್ತಿ, ಆಮೇಲೆ ಎಸಿ ಬಾಹುವನ್ನು ಒತ್ತಿ. ಸೇರುವ ಜಾಗದ ಹತ್ತಿರ ಕೈ ಹಾಕಲೇಬೇಡಿ. ಇಡೀ ಟಿಪ್ಪಣಿಯಲ್ಲಿ ಇದೊಂದನ್ನು ಇಟ್ಟುಕೊಂಡರೂ ಸಾಕು.

ಎಳೆಯುವ ಮೊದಲೇ ಪರೀಕ್ಷಿಸಲು ನನಗೆ ಇಷ್ಟವಾದ ಅಡ್ಡದಾರಿ ಬಣ್ಣ. ಎಲ್ಲಿ ಬೇಕಾದರೂ ಎಳೆಯಬಹುದಾದ ಬಿಂದು ನೀಲಿ. ಒಂದು ಬಾಹು ಅಥವಾ ರೇಖೆಗೆ ಅಂಟಿದ ಬಿಂದು ತಿಳಿ ನೀಲಿ. ಬೇರೆಯವುಗಳಿಂದ ತಾನಾಗಿ ಹುಟ್ಟಿದ ಬಿಂದು ಕಪ್ಪು ಅಥವಾ ಗಾಢ ಬೂದು. ನಮ್ಮ ಚಿತ್ರದಲ್ಲಿ ಎ, ಬಿ, ಸಿ ನೀಲಿ ಇರಬೇಕು, ಡಿ ತಿಳಿ ನೀಲಿ, ಇ ಕಪ್ಪು. ಇ ಬಿಂದು ಯಾವ ತರದ ನೀಲಿ ಇದ್ದರೂ ಅಳಿಸಿ ಮತ್ತೆ ಮಾಡಿ. ಬಣ್ಣವನ್ನು ನೀವೇ ಬದಲಿಸಿದ್ದರೆ ಈ ಉಪಾಯ ನಡೆಯುವುದಿಲ್ಲ. ಆದ್ದರಿಂದ ಅಲಂಕಾರವನ್ನೆಲ್ಲ ಕೊನೆಗೆ ಇಟ್ಟುಕೊಳ್ಳಿ.

ಇನ್ನು ಅಳತೆ. ಡಿಸ್ಟೆನ್ಸ್ ಟೂಲ್‌ನಿಂದ ನಾಲ್ಕೂ ತುಂಡುಗಳ ಉದ್ದ ತೋರಿಸಬಹುದು. ಮಕ್ಕಳು ಅದನ್ನು ಬರೆದುಕೊಂಡು ಭಾಗಾಕಾರ ಮಾಡುತ್ತಾರೆ. ಎಡಿ 1.37, ಡಿಬಿ 2.44 ಎಂದು ಬಂದರೆ ಅನುಪಾತ 0.561. ಎಇ 1.61, ಇಸಿ 2.86 ಆದರೆ 0.563. "ಸಮ ಬರಲಿಲ್ಲ ಮಿಸ್" ಎಂದು ಹಿಂದಿನ ಬೆಂಚಿನಿಂದ ದನಿ ಬರುವುದು ಇಲ್ಲೇ. ಪ್ರಮೇಯ ಕೆಟ್ಟಿಲ್ಲ. ಪರದೆ ಎರಡೇ ದಶಮಾಂಶ ಸ್ಥಾನ ತೋರಿಸುತ್ತಿದೆ, ಒಳಗೆ ಲೆಕ್ಕ ಇನ್ನೂ ಸೂಕ್ಷ್ಮವಾಗಿದೆ. ಸೆಟ್ಟಿಂಗ್ಸ್‌ನಲ್ಲಿ ರೌಂಡಿಂಗ್ ಅನ್ನು ಐದು ಸ್ಥಾನಕ್ಕೆ ಏರಿಸಿ. ಅಥವಾ ಭಾಗಾಕಾರವನ್ನೂ ಜಿಯೋಜೀಬ್ರಾಕ್ಕೇ ಬಿಡಿ. ನಾನಾದರೆ ಮೊದಲು ಎರಡು ಸ್ಥಾನದಲ್ಲೇ ತೋರಿಸಿ, ವ್ಯತ್ಯಾಸ ಬರಲು ಬಿಟ್ಟು, ಆಮೇಲೆ ಏರಿಸುತ್ತೇನೆ. ಅಂದಾಜು ಅಂದರೆ ಏನು ಎಂಬುದಕ್ಕೆ ಬೇರೆ ಪಾಠ ಬೇಕಾಗುವುದಿಲ್ಲ.

ಐದು ಸ್ಥಾನ ಸಮ ಬಂದರೂ ಅದು ಪ್ರಮೇಯದ ಸಾಧನೆಯಲ್ಲ, ಅಂದರೆ ಪುರಾವೆಯಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ವಿಸ್ತೀರ್ಣದ ಮೇಲೆ ನಿಂತ ಸಾಧನೆ ಬರೆಯಬೇಕು. ಅದನ್ನು ಬಾಯಿಪಾಠ ಮಾಡುವ ಮಕ್ಕಳು ತಡವರಿಸುವ ಸಾಲು ಒಂದೇ: ಬಿಡಿಇ ಮತ್ತು ಸಿಡಿಇ ತ್ರಿಭುಜಗಳ ವಿಸ್ತೀರ್ಣ ಸಮ. ಒಂದು ಎಡಕ್ಕೆ ವಾಲಿದೆ, ಇನ್ನೊಂದು ಬಲಕ್ಕೆ, ಸಮ ಹೇಗೆ? ಇಲ್ಲಿ ಜಿಯೋಜೀಬ್ರಾ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಪಾಲಿಗನ್ ಟೂಲ್‌ನಿಂದ ಆ ಎರಡು ತ್ರಿಭುಜಗಳನ್ನೂ ಎಳೆಯಿರಿ. ಪಕ್ಕದ ಆಲ್‌ಜೀಬ್ರಾ ಪಟ್ಟಿಯಲ್ಲಿ ಎರಡರ ವಿಸ್ತೀರ್ಣವೂ ತಾನಾಗಿ ಬರುತ್ತದೆ. ಡಿ ಬಿಂದುವನ್ನು ಎಳೆದಂತೆ ಎರಡು ಸಂಖ್ಯೆಗಳೂ ಜೊತೆಜೊತೆಯಾಗಿ ಏರುತ್ತವೆ, ಇಳಿಯುತ್ತವೆ. ಡಿ ಬಿಂದು ಎಬಿ ಬಾಹುವಿನ ನಟ್ಟನಡುವೆ ಬಂದಾಗ ಅತಿ ಹೆಚ್ಚು, ಇಡೀ ತ್ರಿಭುಜದ ಕಾಲು ಭಾಗ. ಆಗ ಕಾರಣ ಕೇಳಿ. ಎರಡಕ್ಕೂ ಪಾದ ಡಿಇ, ಎರಡೂ ಸಮಾಂತರ ರೇಖೆಗಳ ನಡುವೆ ಇವೆ, ಹಾಗಾಗಿ ಎತ್ತರ ಒಂದೇ. ಉಳಿದ ಎರಡು ಸಾಲು ಸಲೀಸು: ಎಡಿಇ, ಬಿಡಿಇ ವಿಸ್ತೀರ್ಣಗಳ ಅನುಪಾತ ಎಡಿ, ಡಿಬಿಗಳದ್ದೇ, ಎಡಿಇ, ಸಿಡಿಇ ವಿಸ್ತೀರ್ಣಗಳ ಅನುಪಾತ ಎಇ, ಇಸಿಗಳದ್ದೇ.

ಯಾರಾದರೂ ಡಿ ಬಿಂದುವನ್ನು ಬಿ ತನಕ ಎಳೆಯಿರಿ ಅನ್ನುತ್ತಾರೆ. ಎಳೆಯಿರಿ. ಡಿಬಿ ಸೊನ್ನೆಯಾಗುತ್ತದೆ, ಅನುಪಾತದ ಜಾಗದಲ್ಲಿ ಸಂಖ್ಯೆ ಉಳಿಯುವುದಿಲ್ಲ. ಸೊನ್ನೆಯಿಂದ ಭಾಗಿಸುವಂತಿಲ್ಲ ಎಂದು ಮಕ್ಕಳೇ ಹೇಳಲಿ.

ಅದೇ ಅಧ್ಯಾಯದ ಸಮರೂಪ ತ್ರಿಭುಜಗಳಿಗೆ ಕಂಪ್ಯೂಟರ್ ಬೇಡ. ಶಾಲೆ ಪಕ್ಕದ ತೋಟದಲ್ಲಿ ತೆಂಗಿನ ಮರ ಇದ್ದೇ ಇರುತ್ತದೆ. 1 ಮೀಟರ್ ಕೋಲಿನ ನೆರಳು 0.8 ಮೀಟರ್, ಅದೇ ಹೊತ್ತಿಗೆ ಮರದ ನೆರಳು 9.6 ಮೀಟರ್ ಆದರೆ ಮರ 12 ಮೀಟರ್. ಪಾಠ ಯೋಜನೆಯಲ್ಲಿ ಇದನ್ನು ಚಟುವಟಿಕೆ ಅಂತ ಬರೆಯಿರಿ.

ಪ್ಲಿಕರ್ಸ್

ಮೌಲ್ಯಮಾಪನಕ್ಕೆ. ಪ್ರತಿ ಮಗುವಿಗೂ ಚೌಕಾಕಾರದ ಮಾದರಿ ಮುದ್ರಿಸಿದ ಒಂದು ಕಾರ್ಡ್. ಯಾವ ಬದಿ ಮೇಲಿದೆಯೋ ಅದೇ ಉತ್ತರ: ಎ, ಬಿ, ಸಿ ಅಥವಾ ಡಿ. ನಾವು ಒಂದೇ ಫೋನಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ಆಡಿಸಿದರೆ ಎಲ್ಲರ ಉತ್ತರವೂ ದಾಖಲಾಗುತ್ತದೆ. ಒಂದೊಂದು ಕಾರ್ಡಿನ ಮಾದರಿ ಒಂದೊಂದು ತರ, ಅಕ್ಷರಗಳೂ ಸಣ್ಣವು. ಹಾಗಾಗಿ ಪಕ್ಕದವರದ್ದನ್ನು ನೋಡಿ ಎತ್ತುವುದು ಕಷ್ಟ. ಇದಕ್ಕೆ ಫೋನಿನಲ್ಲಿ ನೆಟ್ ಬೇಕು. ಮಕ್ಕಳು ಬೆರಳಿನಿಂದ ಕಪ್ಪು ಭಾಗ ಮುಚ್ಚದಂತೆ ಅಂಚು ಹಿಡಿಯಲು ಮೊದಲೇ ಹೇಳಿ. ಕಾರ್ಡ್ ಬಾಳಿಕೆ ಬರಲಿ ಅಂತ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದರೆ ಸ್ಕ್ಯಾನ್ ಆಗುವುದಿಲ್ಲ. ದಪ್ಪ ಕಾಗದದ ಮೇಲೆ ಜೆರಾಕ್ಸ್ ಸಾಕು.