ನೋಡೋಕೆ ಚೆನ್ನಾಗೇ ಇದಾನಲ್ಲ, ಇನ್ನೇನ್ ತೊಂದ್ರೆ?

ಸ್ನೋಬೋರ್ಡಿಂಗ್‌ನಲ್ಲಿ ಹಾಫ್‌ಪೈಪ್ ಅಂತ ಒಂದು ಆಟ ಇದೆ. ದೊಡ್ಡ ಮೋರಿ ಪೈಪನ್ನ ಉದ್ದಕ್ಕೆ ಸೀಳಿ ಅರ್ಧ ಭಾಗನ ಗುಡ್ಡದ ಇಳಿಜಾರಿನಲ್ಲಿ ಅಂಗಾತ ಮಲಗಿಸಿದ್ರೆ ಹೇಗಿರುತ್ತೋ ಹಾಗೆ, ಆದ್ರೆ ಪೂರ್ತಿ ಹಿಮದ್ದು, ಗೋಡೆ 22 ಅಡಿ ಎತ್ತರ, ಅಂದ್ರೆ ನಮ್ಮ ಕಡೆ ಎರಡು ಅಂತಸ್ತಿನ ಮನೆಯಷ್ಟು. ಕಾಲಿಗೆ ಹಲಗೆ ಕಟ್ಕೊಂಡು ಈ ಗೋಡೆಯಿಂದ ಆ ಗೋಡೆಗೆ ಜಾರ್ತಾ, ಪ್ರತಿ ಸಲ ಅಂಚು ದಾಟಿ ಮೇಲಕ್ಕೆ ಹಾರಿ, ಪಲ್ಟಿ ಹೊಡ್ದು, ಮತ್ತೆ ಅದೇ ಗೋಡೆ ಮೇಲೆ ಇಳೀಬೇಕು. ಹಿಮ ಅಂದ ತಕ್ಷಣ ಹತ್ತಿ ಹಾಸಿಗೆ ಅಂದ್ಕೋಬೇಡಿ. ಮಷಿನ್‌ನಲ್ಲಿ ಕೆತ್ತಿ ಗಟ್ಟಿ ಮಾಡಿರ್ತಾರೆ, ಬಿದ್ರೆ ಕಾಂಕ್ರೀಟ್ ಮೇಲೆ ಬಿದ್ದ ಹಾಗೇನೇ.

2009ರ ಡಿಸೆಂಬರ್ 31, ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ ಕೆವಿನ್ ಪಿಯರ್ಸ್ ಪ್ರಾಕ್ಟೀಸ್ ಮಾಡ್ತಿದ್ದ. 22 ವರ್ಷದ ಹುಡುಗ, ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ಗೆ ಇನ್ನು ಆರು ವಾರ ಬಾಕಿ, ಆಗಿನ ಚಾಂಪಿಯನ್ ಶಾನ್ ವೈಟ್‌ನ ಸೋಲಿಸೋ ತಾಕತ್ತಿದ್ರೆ ಇವನಿಗೇ ಅಂತ ಎಲ್ರೂ ಮಾತಾಡ್ಕೊಳ್ತಿದ್ರು. ಆ ಸೀಸನ್‌ನಲ್ಲಿ ಗೆಲ್ಬೇಕು ಅಂದ್ರೆ ಡಬಲ್ ಕಾರ್ಕ್ ಬರ್ಲೇಬೇಕಿತ್ತು, ಅಂದ್ರೆ ಗಾಳಿಯಲ್ಲಿ ಓರೆಯಾಗಿ ತಿರುಗ್ತಾ ಎರಡು ಪಲ್ಟಿ. ವೈಟ್‌ಗೋಸ್ಕರ ರೆಡ್ ಬುಲ್ ಕಂಪನಿ ಕೊಲರಾಡೋದ ಸಿಲ್ವರ್ಟನ್ ಹತ್ರ ಖಾಸಗಿ ಹಾಫ್‌ಪೈಪನ್ನೇ ಕಟ್ಟಿಸ್ಕೊಟ್ಟಿತ್ತು, ಬಿದ್ರೆ ಮೈಗೆ ನೋವಾಗದ ಹಾಗೆ ಸ್ಪಂಜು ತುಂಬಿದ ಗುಂಡಿ ಸಮೇತ. ಕೆವಿನ್ ಆವತ್ತು ಬರೀ ಹಿಮದ ಮೇಲೆ ಆ ಪಲ್ಟಿ ಹೊಡೆಯೋಕೆ ಹೋದ. ತಿರುಗಿದ್ದು ಒಂಚೂರು ಕಮ್ಮಿ ಆಯ್ತು, ಹಲಗೆ ಅಂಚು ಸಿಕ್ಕಾಕೊಂಡು ಮುಖ ಮುಂದಾಗಿ ಬಿದ್ದ, ಎಡಗಣ್ಣಿನ ಮೇಲಿನ ಹಣೆ ನೇರ ಹೋಗಿ ಬಡೀತು.

ಹೆಲ್ಮೆಟ್ ಹಾಕಿದ್ನಾ? ಹಾಕಿದ್ದ. ಎಲ್ರೂ ಮೊದ್ಲು ಕೇಳೋ ಪ್ರಶ್ನೆ ಅದೇ, ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ.

ಹೆಲ್ಮೆಟ್ ಒಳಗೆ ಇರೋದು ಒಂಥರಾ ಗಟ್ಟಿ ಥರ್ಮಾಕೋಲ್. ಪೆಟ್ಟು ಬಿದ್ದಾಗ ಅದು ಅಪ್ಪಚ್ಚಿ ಆಗುತ್ತೆ, ಹಾಗೆ ಆಗೋಕೆ ತಗೊಳ್ಳೋ ಕೆಲವು ಮಿಲಿಸೆಕೆಂಡ್‌ಗಳಲ್ಲೇ ತಲೆ ನಿಧಾನಕ್ಕೆ ನಿಲ್ಲೋ ಅವಕಾಶ ಸಿಗುತ್ತೆ. ಬುರುಡೆ ಒಡೆಯೋದನ್ನ ತಡೆಯೋದ್ರಲ್ಲಿ ಅದು ನಿಜಕ್ಕೂ ಗಟ್ಟಿಗ. ಆದ್ರೆ ಬುರುಡೆ ಒಳಗೆ ಮೆದುಳು ತೇಲ್ತಾ ಇರುತ್ತೆ ನೋಡಿ. ಸುಮಾರು 1400 ಗ್ರಾಂ ತೂಕದ ಮೆದುಳು, ಸುತ್ತ ಇರೋ ದ್ರವದಲ್ಲಿ ತೇಲೋದ್ರಿಂದ ಬರೀ 50 ಗ್ರಾಂ ಇದ್ದ ಹಾಗೆ ಹಗುರ. ಅದರ ಹದ ಹೇಗಿರುತ್ತೆ ಅಂದ್ರೆ ಗಿಣ್ಣು ತಿಂದಿದೀರಲ್ಲ, ಆಗಷ್ಟೇ ಇಳಿಸಿದ ಗಿಣ್ಣು, ಹೆಚ್ಚುಕಮ್ಮಿ ಹಾಗೇ. ಆ ಪಾತ್ರೆನ ನೇರಕ್ಕೆ ತಳ್ಳಿದ್ರೆ ಗಿಣ್ಣು ಅಷ್ಟಾಗಿ ಕದಡಲ್ಲ, ಗಕ್ಕನೆ ತಿರುಗಿಸಿ ನೋಡಿ, ಅಂಚು ಒಂದ್ಕಡೆ ಹೋಗುತ್ತೆ ನಡುಭಾಗ ಇನ್ನೊಂದ್ಕಡೆ ಉಳಿಯುತ್ತೆ, ಪದರ ಪದರ ಜಾರಿ ಬಿರುಕು ಬಿಡುತ್ತೆ. ಮೆದುಳಿಗೆ ಮಾರಕ ಆಗೋದು ಈ ತಿರುಚು. ಸ್ವೀಡನ್‌ನ ನರಶಸ್ತ್ರಚಿಕಿತ್ಸಕ ಹಾನ್ಸ್ ಫಾನ್ ಹೋಲ್ಸ್ಟ್ ಮತ್ತು ಎಂಜಿನಿಯರ್ ಪೀಟರ್ ಹಾಲ್ಡಿನ್ 1990ರ ದಶಕದಲ್ಲಿ ಇದಕ್ಕೇ ತಲೆ ಕೆಡಿಸ್ಕೊಂಡು, ಹೆಲ್ಮೆಟ್ ಒಳಗೆ ಸ್ವಲ್ಪ ಜಾರೋ ತೆಳು ಪದರ ಹಾಕೋ ಉಪಾಯ ಮಾಡಿದ್ರು, ಈಗ ಮಿಪ್ಸ್ ಅನ್ನೋ ಹೆಸರಲ್ಲಿ ಸಿಗೋದು ಅದೇ. ಅದು ತಿರುಚನ್ನ ಕಮ್ಮಿ ಮಾಡುತ್ತೆ, ಪೂರ್ತಿ ಇಲ್ಲದ ಹಾಗೆ ಮಾಡಲ್ಲ. (ಹಾಗಂತ ಹೆಲ್ಮೆಟ್ ದಂಡ ಅಂತ ಯಾರಾದ್ರೂ ಇಲ್ಲಿಂದ ಒಂದು ಸಾಲು ಕಿತ್ಕೊಂಡು ಹೋದ್ರೆ ನಾನು ಜವಾಬ್ದಾರನಲ್ಲ. ಹೆಲ್ಮೆಟ್ ಇಲ್ದೇ ಇದ್ದಿದ್ರೆ ಕೆವಿನ್ ಕಥೆ ಆವತ್ತೇ ಮುಗೀತಿತ್ತು.)

ಒಳಗೆ ಏನಾಗುತ್ತೆ ಅಂದ್ರೆ, ಮೆದುಳಿನ ಕೋಶಗಳ ನಡುವೆ ಆಕ್ಸಾನ್ ಅಂತ ಉದ್ದುದ್ದ ಎಳೆಗಳಿವೆ, ಸುದ್ದಿ ಸಾಗಿಸೋ ತಂತಿಗಳು. ತಿರುಚಿದಾಗ ಇವು ಜಗ್ಗುತ್ತವೆ. ಎಲ್ಲವೂ ಆಗಲೇ ಕಟ್ ಆಗಿಬಿಡುತ್ತೆ ಅಂದ್ಕೊಂಡಿದ್ರೆ ತಪ್ಪು, ಜಗ್ಗಿದ ಎಳೆಯಲ್ಲಿ ಒಳಗಿನ ಸಾಗಾಟ ನಿಂತು, ಅಲ್ಲಲ್ಲೇ ಊದ್ಕೊಂಡು, ಗಂಟೆಗಳು ಕೆಲವು ಸಲ ದಿನಗಳು ಕಳೆದ ಮೇಲೆ ಕಳಚ್ಕೊಳ್ಳುತ್ತೆ. ಮೊದಲ ದಿನದ ಸಿಟಿ ಸ್ಕ್ಯಾನ್‌ನಲ್ಲಿ ಇದು ಕಾಣದೇನೂ ಇರಬಹುದು. ರಿಪೋರ್ಟ್ ನಾರ್ಮಲ್ ಅಂತ ಬಂದಿದ್ದನ್ನೇ ಹಿಡ್ಕೊಂಡು ಏನೂ ಆಗಿಲ್ಲ ಅಂತ ಸಮಾಧಾನ ಪಡೋರಿಗೆ ಈ ಒಂದು ವಿಷಯ ಗೊತ್ತಿರ್ಬೇಕು.

ಕೆವಿನ್‌ನ ಹೆಲಿಕಾಪ್ಟರ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯ ಯೂನಿವರ್ಸಿಟಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಕೋಮಾ. ಪ್ರಜ್ಞೆ ಎಷ್ಟಿದೆ ಅಂತ ಅಳೆಯೋಕೆ ಗ್ಲಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಅನ್ನೋ ವೈದ್ಯರು 1974ರಲ್ಲಿ ಮಾಡಿದ ಸ್ಕೇಲ್ ಇದೆ, ಇವತ್ತಿಗೂ ಪ್ರಪಂಚದಲ್ಲೆಲ್ಲ ಅದೇ: ಕಣ್ಣು ಬಿಡ್ತಾನಾ, ಮಾತಾಡ್ತಾನಾ, ಹೇಳಿದ್ದಕ್ಕೆ ಕೈಕಾಲು ಆಡಿಸ್ತಾನಾ. ಪೂರ್ತಿ ಸರಿ ಇದ್ರೆ 15, ಏನೂ ಇಲ್ದಿದ್ರೂ 3 ಕೊಡ್ತಾರೆ, 8 ಮತ್ತು ಅದಕ್ಕಿಂತ ಕೆಳಗೆ ಅಂದ್ರೆ ತೀವ್ರ ಗಾಯ. ಐಸಿಯುನಲ್ಲಿ ಮುಖ್ಯ ಜಗಳ ಒತ್ತಡದ ಜೊತೆ. ಕಾಲು ಉಳುಕಿದ್ರೆ ಊದ್ಕೊಳ್ಳೋಕೆ ಜಾಗ ಇದೆ, ಬುರುಡೆ ಮುಚ್ಚಿದ ಡಬ್ಬ, ಅದರೊಳಗೆ ಮೆದುಳು ಊದಿದ್ರೆ ರಕ್ತ ಬರೋಕೇ ದಾರಿ ಇರಲ್ಲ. ಈ ಊತ ಇಳಿಸೋಕೆ ಡಾಕ್ಟ್ರುಗಳು ದಶಕಗಟ್ಟಲೆ ಸ್ಟೀರಾಯ್ಡ್ ಕೊಡ್ತಿದ್ರು, ಲಾಜಿಕ್ ಸರಿಯಾಗೇ ಕಾಣ್ತಿತ್ತು. ಆಮೇಲೆ ಕ್ರ್ಯಾಶ್ ಅನ್ನೋ ದೊಡ್ಡ ಟ್ರಯಲ್‌ನಲ್ಲಿ ಹತ್ತು ಸಾವಿರ ಜನರ ಮೇಲೆ ಪರೀಕ್ಷೆ ಮಾಡಿ 2004ರಲ್ಲಿ ರಿಸಲ್ಟ್ ಬಂದಾಗ, ಎರಡು ವಾರದೊಳಗೆ ಸತ್ತವರು ಸ್ಟೀರಾಯ್ಡ್ ಕೊಟ್ಟವರಲ್ಲಿ ಶೇ. 21, ಕೊಡದವರಲ್ಲಿ ಶೇ. 18! ಒಳ್ಳೇದಾಗ್ಲಿ ಅಂತ ಕೊಡ್ತಿದ್ದದ್ದೇ ಕೊಲ್ತಿತ್ತು. ನನಗೆ ವೈದ್ಯಕೀಯದ ಮೇಲೆ ಗೌರವ ಜಾಸ್ತಿ ಆಗಿದ್ದು ಇಂಥ ಕಥೆ ಓದಿನೇ, ತಾವು ಮಾಡ್ತಿರೋದನ್ನ ತಾವೇ ಅಳೆದು ನೋಡಿ ತಪ್ಪು ಅಂತ ಒಪ್ಕೊಳ್ಳೋದು ಸಣ್ಣ ಮಾತಲ್ಲ.

ಕೆವಿನ್ ಬದುಕಿದ. ಸಾಲ್ಟ್ ಲೇಕ್ ಸಿಟಿಯಿಂದ ಡೆನ್ವರ್ ಪಕ್ಕದ ಕ್ರೇಗ್ ಆಸ್ಪತ್ರೆಗೆ ಹೋದ, ಬೆನ್ನುಹುರಿ ಮತ್ತು ಮೆದುಳಿಗೆ ಪೆಟ್ಟಾದವರಿಗೆ ಅಂತಲೇ ಇರೋ ಪುನರ್ವಸತಿ ಆಸ್ಪತ್ರೆ ಅದು. ಅಲ್ಲಿ ನಡೆಯೋದು, ನುಂಗೋದು, ಮಾತಾಡೋದು ಎಲ್ಲ ಮತ್ತೆ ಮೊದಲಿಂದ. ಅಷ್ಟರಲ್ಲಿ ವ್ಯಾಂಕೂವರ್‌ನಲ್ಲಿ ಅವನ ಗೆಳೆಯರು ‘ಐ ರೈಡ್ ಫಾರ್ ಕೆವಿನ್’ ಅಂತ ಸ್ಟಿಕ್ಕರ್ ಅಂಟಿಸ್ಕೊಂಡು ಆಡಿದ್ರು, ಚಿನ್ನ ಶಾನ್ ವೈಟ್‌ಗೇ ಹೋಯ್ತು. 2010ರ ಮೇನಲ್ಲಿ ಕೆವಿನ್ ವರ್ಮಾಂಟ್‌ನ ಮನೆಗೆ ವಾಪಸ್ ಬಂದ. ಬಿದ್ದಿದ್ದು ಅವನಿಗೆ ನೆನಪೇ ಇಲ್ಲ, ಮರ್ತಿದಾನೆ ಅಂತಲ್ಲ, ಆ ಹೊತ್ತಲ್ಲಿ ಮೆದುಳು ರೆಕಾರ್ಡ್ ಮಾಡೋ ಸ್ಥಿತಿಯಲ್ಲೇ ಇರಲಿಲ್ಲ. ಕಣ್ಣಿಗೆ ಎಲ್ಲ ಎರಡೆರಡು ಕಾಣ್ತಿತ್ತು, ಪ್ರಿಸಂ ಇರೋ ಕನ್ನಡಕ ಹಾಕ್ಬೇಕಿತ್ತು, ಆಮೇಲೆ ಆಪರೇಷನ್ನೂ ಆಯ್ತು. ಇದ್ರಲ್ಲಿ ಕಣ್ಣಿನ ತಪ್ಪಿಲ್ಲ, ಎರಡು ಕಣ್ಣನ್ನ ಒಂದೇ ಕಡೆ ತಿರುಗಿಸೋ ವ್ಯವಸ್ಥೆ ಕೆಟ್ಟಿರುತ್ತೆ.

ಇಲ್ಲಿಂದ ಮುಂದಿನದ್ದೇ ನಾನು ಹೇಳ್ಬೇಕು ಅಂದ್ಕೊಂಡಿದ್ದು. ಕಾಲಿಗೆ ಪ್ಲಾಸ್ಟರ್ ಹಾಕಿದ್ರೆ ಬಸ್ಸಲ್ಲಿ ಜನ ಸೀಟು ಬಿಡ್ತಾರೆ. ತಲೆಗೆ ಪೆಟ್ಟು ಬಿದ್ದವನು ನಾಲ್ಕು ತಿಂಗಳಾದ ಮೇಲೆ ನಡೀತಾನೆ, ನಗ್ತಾನೆ, ಮಾತಾಡ್ತಾನೆ, ನೋಡೋಕೆ ಬಂದವರೆಲ್ಲ ‘ಚೆನ್ನಾಗೇ ಇದಾನಲ್ಲ’ ಅಂದು ಕಾಫಿ ಕುಡ್ದು ಹೋಗ್ತಾರೆ. ಬುದ್ಧಿ ಪರೀಕ್ಷೆ ಕೊಟ್ರೆ ಅದ್ರಲ್ಲೂ ಪಾಸಾಗಬಹುದು. ಲಂಡನ್‌ನಲ್ಲಿ ಟಿಮ್ ಶಾಲಿಸ್ ಮತ್ತು ಪಾಲ್ ಬರ್ಜೆಸ್ ಅನ್ನೋ ಮನಶ್ಶಾಸ್ತ್ರಜ್ಞರು 1991ರಲ್ಲಿ ಇಂಥ ಮೂವರ ಬಗ್ಗೆ ಬರೆದ್ರು, ಮೂವರಿಗೂ ತಲೆಗೆ ಪೆಟ್ಟಾಗಿತ್ತು, ಐಕ್ಯೂ ಮಾತ್ರ ಸರಾಸರಿಗಿಂತ ಮೇಲೆ. ಆಗ ಇವರು ಪೆನ್ನು ಪೇಪರ್ ಬಿಟ್ಟು ಅವರನ್ನ ಅಂಗಡಿ ಬೀದಿಗೆ ಕಳಿಸಿದ್ರು, ಕೈಗೆ ಒಂದು ಚೀಟಿ: ಇಷ್ಟು ಸಾಮಾನು ತರಬೇಕು, ಇಂತಿಂಥ ವಿಷಯ ತಿಳ್ಕೊಂಡು ಬರಬೇಕು, ಇಷ್ಟು ಹೊತ್ತಿಗೆ ಇಂಥ ಜಾಗದಲ್ಲಿರಬೇಕು. ಬೀದಿಗೆ ಇಳಿದ ಮೇಲೆ ತಡಕಾಡಿಬಿಟ್ರು, ಹೇಳಿದ ನಿಯಮ ಮುರಿದ್ರು, ಕೆಲಸ ಅರ್ಧಕ್ಕೆ ಬಿಟ್ರು. ಸಾಮಾನು ತರೋದು ಅಂದ್ರೆ ನಮಗೆ ಸಸಾರ, ಆದ್ರೆ ಯಾವುದು ಮೊದ್ಲು ಯಾವುದು ಆಮೇಲೆ, ಇದು ಆಗ್ಲಿಲ್ಲ ಅಂದ್ರೆ ಏನು, ಅಂತ ತಲೆಯಲ್ಲಿ ಒಟ್ಟಿಗೆ ಇಟ್ಕೊಳ್ಳೋದು ಹಣೆ ಹಿಂದಿನ ಮುಂಭಾಗದ ಮೆದುಳಿನ ಕೆಲಸ. ಪುನರ್ವಸತಿ ಕೇಂದ್ರಗಳಲ್ಲಿ ಅಡುಗೆಮನೆ ಇಟ್ಟು ಟೀ ಮಾಡಿಸೋದು ಸುಮ್ನೆ ಅಲ್ಲ.

ನಮ್ಮನೇಲೇ ನೋಡಿದ್ದು ಹೇಳ್ತೀನಿ. ನಮ್ಮಲ್ಲಿ ಸ್ನೋಬೋರ್ಡ್ ಎಲ್ಲಿಂದ ಬರ್ಬೇಕು, ನಿಮ್ಹಾನ್ಸ್‌ಗೆ ತಲೆ ಪೆಟ್ಟು ಅಂತ ಬರೋರಲ್ಲಿ ಹೆಚ್ಚಿನವರು ರಸ್ತೆ ಅಪಘಾತದವರು. ನಮ್ಮ ಚಿಕ್ಕಮ್ಮನ ಮಗ ತಿಪಟೂರು ಹತ್ರ ರಾತ್ರಿ ಬೈಕಲ್ಲಿ ಬರ್ತಾ ಎಮ್ಮೆಗೆ ಗುದ್ದಿದ, ಎರಡು ದಿನ ಆಸ್ಪತ್ರೆ, ಸಿಟಿ ಸ್ಕ್ಯಾನ್‌ನಲ್ಲಿ ಏನಿಲ್ಲ, ಮನೆಗೆ ಬಂದ. ಬಂದವನು ಊಟಕ್ಕೆ ಕೂತಾಗೆಲ್ಲ ಒಂದೇ ತಕರಾರು, ಸಾರಿಗೆ ಇಂಗು ಹಾಕಿಲ್ಲ, ಅಮ್ಮನ ಕೈರುಚಿ ಹೋಯ್ತು ಅಂತ. ಪಾಪ ಚಿಕ್ಕಮ್ಮ ಇಂಗಿನ ಬ್ರ್ಯಾಂಡ್ ಬದಲಾಯಿಸಿದ್ರು. ಮೂರನೇ ವಾರ ಒಲೆ ಮೇಲೆ ಹಾಲು ಉಕ್ಕಿ ಸೀದು ಮನೆಯೆಲ್ಲ ವಾಸನೆ, ಇವನು ಅಲ್ಲೇ ಪಕ್ಕದಲ್ಲಿ ಮೊಬೈಲ್ ನೋಡ್ತಾ ಕೂತಿದಾನೆ. ಆವಾಗ್ಲೇ ಗೊತ್ತಾಗಿದ್ದು, ಮೂಗಿಗೆ ವಾಸನೆನೇ ಬರ್ತಿಲ್ಲ. ವಾಸನೆಯ ನರಗಳು ಮೂಗಿನ ಮೇಲ್ಗಡೆ ಜರಡಿ ಥರ ತೂತಿರೋ ತೆಳು ಮೂಳೆಯ ಮೂಲಕ ಮೆದುಳಿಗೆ ಹೋಗ್ತವೆ, ಮೆದುಳು ಜೋರಾಗಿ ಅಲುಗಿದ್ರೆ ಆ ತೂತಿನ ಬಾಯಲ್ಲೇ ಕತ್ತರಿಸಿ ಹೋಗೋದುಂಟು.

ನನ್ನ ತಲೇಲಿ ಉಳಿದಿದ್ದು ವಾಸನೆಗಿಂತ ಹೆಚ್ಚಾಗಿ ಆ ತಕರಾರು. ಅವನಿಗೆ ತಾನು ಬದಲಾಗಿದೀನಿ ಅಂತ ಅನ್ನಿಸ್ಲೇ ಇಲ್ಲ, ಸಾರು ಬದಲಾಗಿದೆ ಅನ್ನಿಸ್ತು. ಪೆಟ್ಟು ಬಿದ್ದಿರೋದು ಪೆಟ್ಟನ್ನ ಗುರುತಿಸಬೇಕಾದ ಜಾಗಕ್ಕೇ. ಇದಕ್ಕೆ ಅನೊಸೊಗ್ನೋಸಿಯ ಅಂತ ಹೆಸರು, ಫ್ರಾನ್ಸ್‌ನ ನರವೈದ್ಯ ಬಬಿನ್ಸ್ಕಿ 1914ರಲ್ಲಿ ಇಟ್ಟಿದ್ದು. ಅವನು ನೋಡಿದ ರೋಗಿಗಳ ಎಡಗೈ ಎಡಗಾಲು ಬಿದ್ದುಹೋಗಿದ್ರೂ ಅವರಿಗೆ ಅದರ ಅರಿವೇ ಇರ್ತಿರಲಿಲ್ಲ. ಹಠ, ಜಂಬ, ಸುಳ್ಳು ಯಾವುದೂ ಅಲ್ಲ ಇದು. ಕ್ಲಿನಿಕ್‌ಗಳಲ್ಲಿ ಇದನ್ನ ಅಳೆಯೋ ರೀತಿ ತುಂಬಾ ಸರಳ: ಒಂದೇ ಪ್ರಶ್ನೆಪತ್ರಿಕೆಯನ್ನ ರೋಗಿಗೂ ಕೊಡ್ತಾರೆ ಮನೆಯವರಿಗೂ ಕೊಡ್ತಾರೆ, ದುಡ್ಡಿನ ಲೆಕ್ಕ ಇಡೋಕೆ ಆಗುತ್ತಾ, ಕೋಪ ಬಂದ್ರೆ ತಡ್ಕೊಳ್ಳೋಕೆ ಆಗುತ್ತಾ ಅಂತೆಲ್ಲ, ಇಬ್ಬರ ಉತ್ತರದ ನಡುವೆ ಎಷ್ಟು ಅಂತರ ಇದೆಯೋ ಅಷ್ಟು ಅರಿವು ಕಮ್ಮಿ.

ಕೆವಿನ್ ಮನೇಲೂ ಇದೇ ಗೋಳು. ಅವನಿಗೆ ಮತ್ತೆ ಸ್ನೋಬೋರ್ಡ್ ಹತ್ತಬೇಕು, ಸ್ಪರ್ಧೆಗೇ ಇಳೀಬೇಕು. ತಲೆಗೆ ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಅಪಾಯ ಅಂತ ಡಾಕ್ಟ್ರು ಹೇಳಿದಾರೆ. ಇವನಿಗೆ ಒಳಗೆ ಅನ್ನಿಸ್ತಿರೋದು ಮಾತ್ರ ನಾನು ಸರಿಯಾಗಿದೀನಿ ಅಂತ, ಎದುರಿಗೆ ಕೂತಿರೋ ಅಪ್ಪ ಅಮ್ಮ ಅಣ್ಣಂದಿರಿಗೆ ಕಾಣ್ತಿರೋದು ಬೇರೆ. ಆಮೇಲೆ ಬಂದ ಸಾಕ್ಷ್ಯಚಿತ್ರದಲ್ಲಿ ಊಟದ ಟೇಬಲ್ ಮುಂದೆ ಈ ವಾದ ಆಗುತ್ತೆ, ಡೌನ್ ಸಿಂಡ್ರೋಮ್ ಇರೋ ಅಣ್ಣ ಡೇವಿಡ್ ನೀನು ಸಾಯೋದು ನನಗೆ ಬೇಡ ಅಂತ ಕೇಳ್ಕೊಳ್ತಾನೆ. ಅಷ್ಟೂ ಜನರಲ್ಲಿ ವಿಷಯನ ಸುತ್ತಿ ಬಳಸದೆ ಹೇಳಿದ್ದು ಅವನೇ ಅನ್ಸುತ್ತೆ ನನಗೆ.

ಹಾಗಾದ್ರೆ ಮೆದುಳು ವಾಸಿ ಆಗುತ್ತಾ? ಸತ್ತ ಕೋಶ ವಾಪಸ್ ಬರಲ್ಲ. ಆದ್ರೆ ಊತ ಇಳಿದಾಗ ಮಂಕಾಗಿದ್ದ ಭಾಗಗಳು ಎದ್ದು ಕೂರ್ತವೆ, ಉಳಿದ ಎಳೆಗಳು ಹೊಸ ಕವಲು ಬಿಡ್ತವೆ, ಮುಖ್ಯರಸ್ತೆ ಅಗೆದಾಗ ನಾವು ಗಲ್ಲಿ ಗಲ್ಲಿ ಸುತ್ಕೊಂಡು ಮನೆ ಸೇರ್ತೀವಲ್ಲ ಹಾಗೆ. ಮನೆ ಸೇರ್ತೀವಿ, ಆದ್ರೆ ಪೆಟ್ರೋಲ್ ಜಾಸ್ತಿ ಖರ್ಚು. ಮೊದ್ಲು ಗೊತ್ತೇ ಆಗದ ಹಾಗೆ ಆಗ್ತಿದ್ದ ಕೆಲಸಕ್ಕೆ ಈಗ ಗಮನ ಕೊಟ್ಟು ಮಾಡ್ಬೇಕು, ಅದಕ್ಕೇ ಇವರಿಗೆ ಸಿಕ್ಕಾಪಟ್ಟೆ ಸುಸ್ತು, ಮದುವೆಮನೆ ಗದ್ದಲದಲ್ಲಿ ಅರ್ಧ ಗಂಟೆ ಕೂತ್ರೆ ಸಾಕು ತಲೆ ಕೆಲಸ ಮಾಡೋದೇ ನಿಲ್ಲಿಸುತ್ತೆ. ಸೋಮಾರಿ ಅಂತ ಬೈಯೋರಿಗೇನೂ ಕಮ್ಮಿ ಇಲ್ಲ. ಚೇತರಿಕೆ ಮೊದಲ ಆರು ತಿಂಗಳಲ್ಲಿ ಜೋರಾಗಿರುತ್ತೆ, ಆಮೇಲೆ ನಿಧಾನ, ಆದ್ರೂ ವರ್ಷಗಟ್ಟಲೆ ಚೂರುಚೂರೇ ಸಾಗ್ತಾನೇ ಇರುತ್ತೆ.

2011ರ ಡಿಸೆಂಬರ್‌ನಲ್ಲಿ, ಬಿದ್ದು ಹೆಚ್ಚುಕಮ್ಮಿ ಎರಡು ವರ್ಷಕ್ಕೆ, ಕೆವಿನ್ ಕೊಲರಾಡೋದ ಬ್ರೆಕನ್‌ರಿಜ್‌ನಲ್ಲಿ ಹಳೇ ಗೆಳೆಯರ ಜೊತೆ ಮತ್ತೆ ಹಲಗೆ ಹತ್ತಿದ. ಇಳಿಜಾರಲ್ಲಿ ಜಾರೋಕೆ ಬಂತು. ಆದ್ರೆ ಮೊದಲಿನ ಕೆವಿನ್ ಅಲ್ಲ ಅನ್ನೋದು ಅವನ ಕಾಲಿಗೇ ಗೊತ್ತಾಯ್ತು, ಎರಡು ವರ್ಷ ಮನೆಯವರು ಬಾಯಿ ನೋಯಿಸ್ಕೊಂಡು ಹೇಳಿದ್ದನ್ನ ಹಿಮ ಹೇಳ್ತು. ಅದಾಗಿ ಒಂದು ತಿಂಗಳಿಗೆ, 2012ರ ಜನವರಿಯಲ್ಲಿ, ಅವನು ಬಿದ್ದಿದ್ದ ಅದೇ ಪಾರ್ಕ್ ಸಿಟಿ ಪೈಪಲ್ಲಿ ಕೆನಡಾದ ಸ್ಕೀಯರ್ ಸಾರಾ ಬರ್ಕ್ ಬಿದ್ರು, ಕತ್ತಿನ ರಕ್ತನಾಳ ಹರಿದು ಒಂಬತ್ತು ದಿನಕ್ಕೆ ತೀರ್ಕೊಂಡ್ರು. ಕೆವಿನ್ ಸ್ಪರ್ಧೆಗೆ ವಾಪಸ್ ಹೋಗ್ಲಿಲ್ಲ. ಅಣ್ಣ ಆಡಮ್ ಜೊತೆ ಸೇರಿ 2014ರಲ್ಲಿ ‘ಲವ್‌ಯುವರ್‌ಬ್ರೇನ್’ ಅಂತ ಸಂಸ್ಥೆ ಮಾಡಿ, ತಲೆಗೆ ಪೆಟ್ಟಾದವರಿಗೆ ಯೋಗ ಧ್ಯಾನ ಹೇಳ್ಕೊಡೋ ಕೆಲಸಕ್ಕೆ ಇಳಿದ.

ನಮ್ಮ ಹುಡುಗನಿಗೆ ವಾಸನೆ ಇನ್ನೂ ಬಂದಿಲ್ಲ. ಹಾಲು ಕಾಯೋಕಿಟ್ರೆ ಮೊಬೈಲಲ್ಲಿ ಅಲಾರಂ ಇಡ್ತಾನೆ. ಊಟಕ್ಕೆ ಕೂತಾಗ ‘ಅಮ್ಮ, ಸಾರಿಗೆ ಇಂಗು ಹಾಕಿದೀಯಾ’ ಅಂತ ಈಗಲೂ ಕೇಳ್ತಾನೆ, ಹಾಕಿದೀನಿ ಕಣೋ ಅಂದ್ರೆ, ಸರಿ ಅಂತ ಹೇಳಿ ಇನ್ನೊಂದು ಸೌಟು ಹಾಕಿಸ್ಕೊಳ್ತಾನೆ.