ತೇಜಸ್ವಿಯನ್ನು ಓದುವಾಗ: ಕತೆ ಯಾವುದು, ಪ್ರಬಂಧ ಯಾವುದು?

ಪೂರ್ಣಚಂದ್ರ ತೇಜಸ್ವಿಯವರ ಬಗ್ಗೆ ಟಿಪ್ಪಣಿ ಮಾಡಲು ಕೂತಾಗ ನಾನು ಮೊದಲು ಮಾಡಿದ್ದು ಒಂದು ಪಟ್ಟಿ. ಕಾದಂಬರಿ, ಸಣ್ಣಕತೆ, ಪ್ರಬಂಧ, ಪ್ರವಾಸ, ಅನುವಾದ, ವಿಜ್ಞಾನ ಅಂತ ಗೆರೆ ಎಳೆದು ಖಾನೆ ಮಾಡಿದೆ. ‘ಪರಿಸರದ ಕತೆ’ಯವರೆಗೆ ಬಂದು ಕೈ ನಿಂತಿತು. ಹೆಸರಲ್ಲೇ ‘ಕತೆ’ ಇದೆ. ಒಳಗಿರುವುದು ಮಾತ್ರ ಲೇಖಕರ ಸ್ವಂತ ತೋಟ, ಸ್ವಂತ ನಾಯಿ, ಪಕ್ಕದ ಕಾಡು. ಇದನ್ನು ಯಾವ ಖಾನೆಗೆ ಹಾಕೋದು? ಆ ಪ್ರಶ್ನೆ ಹಿಡಿದುಕೊಂಡೇ ಉಳಿದ ಪುಸ್ತಕಗಳನ್ನು ಮತ್ತೆ ಓದಿದೆ. ನನಗೆ ತೇಜಸ್ವಿ ಅರ್ಥವಾಗತೊಡಗಿದ್ದು ಆಗ.

ಜೀವನದ ವಿವರ ಚಿಕ್ಕದಾಗಿ ನೆನಪಿಟ್ಟುಕೊಂಡರೆ ಸಾಕು. ಹುಟ್ಟಿದ್ದು 1938ರ ಸೆಪ್ಟೆಂಬರ್ 8. ಕುವೆಂಪು ಅವರ ಮಗ. ಮೈಸೂರಿನಲ್ಲಿ ಕನ್ನಡ ಎಂಎ ಓದಿದರು. ಆಮೇಲೆ ಮೇಷ್ಟ್ರ ಕೆಲಸಕ್ಕೆ ಹೋಗದೆ ಮೂಡಿಗೆರೆ ಕಡೆ ಕಾಫಿ ತೋಟ ಮಾಡಿದರು. ಮೊದಲ ತೋಟದ ಹೆಸರು ಚಿತ್ರಕೂಟ, ಆಮೇಲಿನದು ನಿರುತ್ತರ. ತೀರಿಕೊಂಡಿದ್ದು 2007ರ ಏಪ್ರಿಲ್ 5ರಂದು. ಇದರಲ್ಲಿ ತೋಟದ ಮಾತಿಗೆ ಮಾತ್ರ ಅಡಿಗೆರೆ ಹಾಕಿಕೊಳ್ಳಿ. ಮುಂದಿನದೆಲ್ಲ ಅಲ್ಲಿಂದಲೇ ಬರುತ್ತದೆ.

ಅವರೂ ಶುರು ಮಾಡಿದ್ದು ಆ ಕಾಲದ ಸಾಹಿತ್ಯ ಚಳವಳಿಯಾದ ನವ್ಯದ ದಾರಿಯಲ್ಲೇ. ಕವನ ಬರೆದರು, ನಾಟಕ ಬರೆದರು. 1966ರಲ್ಲಿ ‘ಸ್ವರೂಪ’ ಬಂತು. ಮನುಷ್ಯನ ಒಳಗಿನ ಗೊಂದಲವನ್ನೇ ಕೆದಕುವ ಕಿರುಕಾದಂಬರಿ ಅದು. ಆಮೇಲೆ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ. ಅದರ ಮುನ್ನುಡಿಯನ್ನು ಯಾರೂ ಬಿಡಬಾರದು. ನವ್ಯ ಸಾಹಿತ್ಯದ ಹಾದಿ ತನಗೆ ಸಾಲದು, ಬೇರೆ ದಿಕ್ಕು ಬೇಕು ಎಂದು ತೇಜಸ್ವಿ ಅಲ್ಲಿ ನೇರವಾಗಿ ಹೇಳುತ್ತಾರೆ. ತನ್ನನ್ನು ರೂಪಿಸಿದ ಮೂವರ ಹೆಸರನ್ನೂ ಕೊಡುತ್ತಾರೆ: ಚಿಂತನೆಗೆ ಸಮಾಜವಾದಿ ನಾಯಕ ಲೋಹಿಯಾ, ಕಲೆಗೆ ಕುವೆಂಪು, ಬದುಕಿನಲ್ಲಿ ಪ್ರಯೋಗ ಮಾಡುವ ಧೈರ್ಯಕ್ಕೆ ಶಿವರಾಮ ಕಾರಂತ. ಮೂರನೆಯದನ್ನು ನಾವು ಸುಮ್ನೆ ದಾಟಿಬಿಡುತ್ತೇವೆ. ನನ್ನ ಪ್ರಕಾರ ಕೀಲಿಕೈ ಇರುವುದು ಅಲ್ಲೇ. ಕಾರಂತರಂತೆ ಇವರಿಗೂ ಬರವಣಿಗೆ ಬದುಕಿನ ಹಲವು ಕೆಲಸಗಳಲ್ಲಿ ಒಂದಾಗಿತ್ತು. ಫೋಟೋ ತೆಗೆಯುವುದು, ಮೀನು ಹಿಡಿಯುವುದು, ಕಂಪ್ಯೂಟರಿನಲ್ಲಿ ಕನ್ನಡ ತರಲು ಹೆಣಗುವುದು, ಎಲ್ಲವೂ ಅದರ ಜೊತೆಗೇ ನಡೆಯುತ್ತಿತ್ತು.

ಆ ಸಂಕಲನದ ಕತೆಗಳಲ್ಲಿ ಬದಲಾವಣೆ ಕಣ್ಣಿಗೆ ಕಾಣುತ್ತದೆ. ‘ತಬರನ ಕತೆ’ ತಗೊಳ್ಳಿ. ನಿವೃತ್ತನಾದ ಒಬ್ಬ ಸಣ್ಣ ನೌಕರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಕತೆ ಹೇಳುವವನು ಎಲ್ಲಿಯೂ ಅಳುವುದಿಲ್ಲ. ಯಾವ ಕಾಗದ ಎಲ್ಲಿ ನಿಂತಿತು, ಯಾರು ಯಾರ ಕಡೆ ಕೈ ತೋರಿಸಿದರು ಎಂದು ಹೇಳುತ್ತಾ ಹೋಗುತ್ತಾನೆ, ಅಷ್ಟೇ. ಓದಿ ಮುಗಿಸಿದಾಗ ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಗಿರೀಶ್ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದ್ದಾರೆ. ಮೊದಲು ಕತೆ ಓದಿ, ಆಮೇಲೆ ನೋಡಿ.

ಈಗ ಖಾನೆಯ ಪ್ರಶ್ನೆಗೆ ಬರೋಣ. 1980ರ ‘ಕರ್ವಾಲೋ’ ಮತ್ತು 1991ರ ‘ಪರಿಸರದ ಕತೆ’ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡರಲ್ಲೂ ‘ನಾನು’ ಎನ್ನುವವನು ಒಬ್ಬ ತೋಟಗಾರ. ಎರಡರಲ್ಲೂ ಕಿವಿ ಎಂಬ ನಾಯಿ ಇದೆ! ಒಂದೇ ನಾಯಿ ಕಾದಂಬರಿಯಲ್ಲೂ ಓಡಾಡುತ್ತದೆ, ಪ್ರಬಂಧದಲ್ಲೂ ಓಡಾಡುತ್ತದೆ. ಹಾಗಿದ್ದರೆ ವ್ಯತ್ಯಾಸ ಎಲ್ಲಿ?

ನನಗೆ ಕಂಡಿದ್ದು ಇಷ್ಟು. ‘ಪರಿಸರದ ಕತೆ’ಯಲ್ಲಿ ಒಂದು ಘಟನೆ ನಡೆಯುತ್ತದೆ, ಅದು ಇದ್ದಷ್ಟೇ ದೊಡ್ಡದಾಗಿ ಉಳಿಯುತ್ತದೆ. ಹಕ್ಕಿಮರಿ ಸಿಕ್ಕಿತು, ಅದನ್ನು ಸಾಕಲು ಮನೆಯವರೆಲ್ಲ ಒದ್ದಾಡಿದರು. ಅದಕ್ಕೆ ದೊಡ್ಡ ಅರ್ಥ ಅಂಟಿಸಲು ಲೇಖಕರು ಹೋಗುವುದಿಲ್ಲ. ‘ಕರ್ವಾಲೋ’ದಲ್ಲೂ ಶುರುವಾಗುವುದು ಸಣ್ಣ ವಿಷಯದಿಂದಲೇ, ಜೇನು ಸೊಸೈಟಿಯ ಜೇನುತುಪ್ಪದಿಂದ. ಅಲ್ಲಿಂದ ಮಂದಣ್ಣ ಬರುತ್ತಾನೆ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೋ ಕಣ್ಣಿಗೆ ಹುಟ್ಟಾ ಜೀವವಿಜ್ಞಾನಿ. ಅವನು ನೋಡಿದ ಹಾರುವ ಓತಿಯನ್ನು ಹುಡುಕಿಕೊಂಡು ಒಂದು ಗುಂಪೇ ಕಾಡಿಗೆ ಹೋಗುತ್ತದೆ. ಆ ಹೊತ್ತಿಗೆ ಪುಸ್ತಕ ಜೇನಿನ ಡಬ್ಬ ಬಿಟ್ಟು ಕೋಟಿ ವರ್ಷಗಳ ಜೀವವಿಕಾಸದ ಬಗ್ಗೆ ಯೋಚಿಸುತ್ತಿರುತ್ತದೆ. ಒಂದೇ ಮಣ್ಣು, ಒಂದೇ ದನಿ. ಕಾದಂಬರಿಯಲ್ಲಿ ಘಟನೆಗಳು ಒಂದಕ್ಕೊಂದು ಗಂಟು ಬಿದ್ದು ಪ್ರಶ್ನೆ ಬೆಳೆಯುತ್ತಾ ಹೋಗುತ್ತದೆ. ಪ್ರಬಂಧದಲ್ಲಿ ಗಂಟು ಹಾಕುವ ಆತುರ ಇಲ್ಲ.

ಇನ್ನೊಂದು ಮಾತು. ‘ಕರ್ವಾಲೋ’ದಲ್ಲಿ ವಿಜ್ಞಾನ ಪಾಠದಂತೆ ಬರುವುದಿಲ್ಲ, ಹಟದಂತೆ ಬರುತ್ತದೆ. ಒಂದು ಪ್ರಾಣಿಯನ್ನು ಕಣ್ಣಾರೆ ನೋಡಲೇಬೇಕು ಎನ್ನುವ ಹಟ. ಗಂಟೆಗಟ್ಟಲೆ ಕಾದು ಹಕ್ಕಿಗಳ ಫೋಟೋ ತೆಗೆದವರಿಗೆ ಆ ಹಟ ಗೊತ್ತಿರುತ್ತದೆ, ಅಲ್ವಾ?

‘ಚಿದಂಬರ ರಹಸ್ಯ’ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೆಸರೂರು ಎಂಬ ಊರು. ಏಲಕ್ಕಿ ಬೆಳೆ ಯಾಕೆ ಕಡಿಮೆಯಾಯಿತು, ವಿಜ್ಞಾನಿ ಜೋಗಿಹಾಳ್ ಹೇಗೆ ಸತ್ತ ಎಂಬುದು ಮೇಲಿನ ಪ್ರಶ್ನೆ. ಪತ್ತೇದಾರಿ ಕತೆಯ ಹಾಗೆ ಓಡುತ್ತದೆ. ಓದುತ್ತಾ ಹೋದರೆ ಜಾತಿ, ಕೋಮು, ದುಡ್ಡು ಎಲ್ಲ ಸೇರಿ ಊರೇ ಕೊಳೆಯುತ್ತಿರುವುದು ಕಾಣುತ್ತದೆ. ಜನಪ್ರಿಯ ಕತೆಯ ಚೌಕಟ್ಟನ್ನು ಗಂಭೀರ ವಿಷಯಕ್ಕೆ ಇಷ್ಟು ಧೈರ್ಯವಾಗಿ ಬಳಸಿದ್ದು ನನಗೆ ತುಂಬಾ ಇಷ್ಟ. ‘ಜುಗಾರಿ ಕ್ರಾಸ್’ ಇನ್ನೂ ಜೋರಾಗಿ ಓಡುತ್ತದೆ. ಆದರೆ ನನ್ನ ಮನಸ್ಸಿನಲ್ಲಿ ಅಷ್ಟು ಉಳಿಯಲಿಲ್ಲ.

ಅನುವಾದಗಳನ್ನು ಪರೀಕ್ಷೆಗೆ ಓದುವವರು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಕೆನೆತ್ ಆಂಡರ್ಸನ್‌ನ ಶಿಕಾರಿ ಕತೆಗಳು ‘ಕಾಡಿನ ಕತೆಗಳು’ ಆಗಿ ಬಂದವು. ಜಿಮ್ ಕಾರ್ಬೆಟ್‌ನ ರುದ್ರಪ್ರಯಾಗದ ಚಿರತೆಯೂ ಕನ್ನಡಕ್ಕೆ ಬಂತು. ಮೂಲ ಇಂಗ್ಲಿಷಿನದು ಎಂದು ಓದುವಾಗ ನೆನಪೇ ಆಗುವುದಿಲ್ಲ. 16 ಪುಸ್ತಕಗಳ ಮಿಲೆನಿಯಂ ಸರಣಿಯಲ್ಲಿ ಮಹಾಯುದ್ಧ, ಪೆಸಿಫಿಕ್ ದ್ವೀಪಗಳು, ಚಂದ್ರ ಎಲ್ಲವೂ ಇವೆ. ಮೂಡಿಗೆರೆಯ ತೋಟದಲ್ಲಿ ಕೂತ ಮನುಷ್ಯ ಇಷ್ಟು ದೂರ ನೋಡಿದ್ದು ಹಳ್ಳಿಯ ಹುಡುಗ ಹುಡುಗಿಯರಿಗೂ ಅದೆಲ್ಲ ಕನ್ನಡದಲ್ಲೇ ಸಿಗಲಿ ಎಂದು. ಭಾಷೆಯ ಮೇಲಿನ ಪ್ರೀತಿಯನ್ನು ಅವರು ಕೆಲಸದಲ್ಲಿ ತೋರಿಸಿದರು.

‘ಅಣ್ಣನ ನೆನಪು’ ಬಗ್ಗೆ ಒಂದೇ ಸೂಚನೆ. ಕುವೆಂಪು ಜೀವನಚರಿತ್ರೆ ಎಂದುಕೊಂಡು ತೆರೆಯಬೇಡಿ. ಮಹಾಕವಿಯನ್ನು ಮನೆಯೊಳಗಿನ ಅಪ್ಪನಾಗಿ, ಮಗನ ಕಣ್ಣಳತೆಯಲ್ಲಿ ನೋಡಿದ ಪುಸ್ತಕ ಅದು. ನಗು ಜಾಸ್ತಿ, ಪೂಜೆ ಕಡಿಮೆ. ತೇಜಸ್ವಿ ಓತಿಯನ್ನು ನೋಡಿದ ಕುತೂಹಲದಲ್ಲೇ ಅಪ್ಪನನ್ನೂ ನೋಡಿದ್ದಾರೆ.

ಹೊಸದಾಗಿ ಶುರು ಮಾಡುವವರು ‘ಪರಿಸರದ ಕತೆ’ಯಲ್ಲಿ ‘ಕಿವಿಯೊಡನೆ ಒಂದು ದಿನ’ ಓದಿ. ಅದೇ ವಾರ ‘ಕರ್ವಾಲೋ’ ಕೈಗೆತ್ತಿಕೊಳ್ಳಿ. ಕೈಯಲ್ಲಿ ಪೆನ್ಸಿಲ್ ಇರಲಿ, ಕಿವಿ ಕಾಣಿಸಿಕೊಂಡ ಕಡೆಯೆಲ್ಲ ಅಂಚಿನಲ್ಲಿ ಗುರುತು ಹಾಕುತ್ತಾ ಹೋಗಿ.