ಹಣೆ ತಣ್ಣಗಿದೆ, ಇನ್‌ಫೆಕ್ಷನ್ ಇರಲ್ಲ ಅಲ್ವಾ ಸಿಸ್ಟರ್?

“ನಮ್ಮ ಅತ್ತೆಗೆ 78 ವರ್ಷ. ಎರಡು ದಿನದಿಂದ ಮಂಕಾಗಿದ್ದಾರೆ, ಮುದ್ದೆ ಮುಟ್ಟುತ್ತಿಲ್ಲ. ಥರ್ಮಾಮೀಟರಿನಲ್ಲಿ 99 ಕೂಡ ದಾಟಿಲ್ಲ. ಜ್ವರ ಇಲ್ಲ ಅಂದಮೇಲೆ ಇನ್‌ಫೆಕ್ಷನ್ ಇರಲ್ಲ ಅಲ್ವಾ ಸಿಸ್ಟರ್?”

ಇರಬಹುದು. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ವಯಸ್ಸಾದವರ ಸೋಂಕುಗಳನ್ನೇ ನೋಡಿಕೊಳ್ಳುವ ನರ್ಸ್ ನಾನು. ಚಿಂತಾಮಣಿ, ಗುಡಿಬಂಡೆ, ಶಿಡ್ಲಘಟ್ಟದ ಕಡೆಯಿಂದ ಬರುವವರಿಗೆಲ್ಲ ಇದನ್ನೇ ಹೇಳಿ ಹೇಳಿ ಬಾಯಿ ಒಣಗಿದೆ. ಆದರೂ ಹಣೆಯ ಮೇಲೆ ಅಂಗೈ ಇಟ್ಟು, ‘ಮೈ ತಣ್ಣಗಿದೆ’ ಎಂದು ಎರಡು ದಿನ ಕಾಯುವುದು ನಿಂತಿಲ್ಲ. ಆ ಎರಡು ದಿನವೇ ನಮಗೆ ಬೇಕಾಗಿರುವುದು.

ಮಕ್ಕಳಿಗೆ ಸೋಂಕಾದರೆ ಮೈ ಕೆಂಡವಾಗುತ್ತದೆ. ಹಾಗೆ ಕಾಯುವುದಕ್ಕೂ ದೇಹದಲ್ಲಿ ಕಸುವು ಬೇಕು. ವಯಸ್ಸಾದ ಮೇಲೆ, ಸೋಂಕು ಬಂದಿದೆ ಎಂದು ರಕ್ತದ ಮೂಲಕ ಮಿದುಳಿಗೆ ಹೋಗುವ ಸುದ್ದಿಯೇ ಮಂದ. ನಡುಗಿ ಶಾಖ ಹುಟ್ಟಿಸಬೇಕಾದ ಸ್ನಾಯುಗಳು ಸವೆದಿರುತ್ತವೆ. ಮೇಲೆ ಮಂಡಿನೋವಿಗೆಂದು ದಿನಾ ನುಂಗುವ ಪ್ಯಾರಾಸಿಟಮಾಲ್, ಅಷ್ಟೋ ಇಷ್ಟೋ ಬರುವ ಜ್ವರವನ್ನೂ ಅಡಗಿಸುತ್ತದೆ.

98.6ರ ಲೆಕ್ಕವನ್ನೂ ಸ್ವಲ್ಪ ಬದಿಗಿಡಿ. ಎಷ್ಟೋ ಹಿರಿಯರ ಮೈ ಚೆನ್ನಾಗಿರುವಾಗಲೇ 97ರ ಆಸುಪಾಸಿನಲ್ಲಿರುತ್ತದೆ. ಅಂಥವರಿಗೆ 99 ಬಂತೆಂದರೆ ಎರಡು ಡಿಗ್ರಿ ಏರಿದಂತಾಯಿತು. ಒಮ್ಮೆ 100 ದಾಟಿದರೂ, ಮತ್ತೆ ಮತ್ತೆ 99 ದಾಟುತ್ತಿದ್ದರೂ, ಮಾಮೂಲಿಗಿಂತ 2 ಡಿಗ್ರಿ ಏರಿದರೂ ನಾವು ಜ್ವರವೆಂದೇ ಬರೆದುಕೊಳ್ಳುತ್ತೇವೆ. ಅತ್ತೆಯ ಮಾಮೂಲಿ ಎಷ್ಟು ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಆರೋಗ್ಯವಾಗಿರುವಾಗಲೇ ಮೂರ್ನಾಲ್ಕು ಬೆಳಿಗ್ಗೆ ನೋಡಿ, ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಶಿಡ್ಲಘಟ್ಟದ ಕಡೆಯ, ರೇಷ್ಮೆಹುಳು ಸಾಕುವ ಮನೆಯ ಒಬ್ಬ ಅಜ್ಜಿ ನೆನಪಾಗುತ್ತಾರೆ. ಅವರೆಕಾಯಿ ಕಾಲ. ಸುಲಿಯುತ್ತ ಕೂತವರು ಸಿಪ್ಪೆಯನ್ನು ಪಾತ್ರೆಗೆ, ಕಾಳನ್ನು ಕಸದ ಮೊರಕ್ಕೆ ಹಾಕುತ್ತಿದ್ದರಂತೆ. ಐವತ್ತು ವರ್ಷ ಆ ಕೆಲಸ ಮಾಡಿದ ಕೈ ಅದು. ‘ಅರವತ್ತಕ್ಕೆ ಅರಳು ಮರಳು’ ಎಂದು ಮನೆಯವರು ಸುಮ್ಮನಾದರು. ನಮ್ಮಲ್ಲಿಗೆ ಬಂದಾಗ ಥರ್ಮಾಮೀಟರ್ ತೋರಿಸಿದ್ದು 98.8. ನಾನು ಮಾತಾಡದೆ ಪಕ್ಕದಲ್ಲಿ ಕೂತು, ಎದೆಯ ಮೇಲಿನ ಸೆರಗು ಏರಿಳಿಯುವುದನ್ನು ಒಂದು ನಿಮಿಷ ಪೂರ್ತಿ ಎಣಿಸಿದೆ. 32 ಸಲ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ತಳ ಬೆಳ್ಳಗಾಗಿತ್ತು, ನ್ಯುಮೋನಿಯಾ.

ಆ ಗಾದೆ ನಮ್ಮ ಮನೆಗಳಲ್ಲಿ ಬಹಳ ಕೆಡುಕು ಮಾಡಿದೆ. ಅರಳು ಮರಳು ತಿಂಗಳು, ವರ್ಷಗಳಲ್ಲಿ ನಿಧಾನಕ್ಕೆ ಬರುವಂಥದ್ದು. ಸೋಮವಾರ ಸರಿಯಿದ್ದು ಬುಧವಾರ ಮೊಮ್ಮಗನ ಹೆಸರು ಮರೆತರೆ ಅದಕ್ಕೆ ವಯಸ್ಸನ್ನು ದೂರಬೇಡಿ, ಒಳಗೆ ಏನೋ ಆಗಿದೆ. ದಿಢೀರನೆ ಬೀಳುವುದು, ಹಾಸಿಗೆಯಲ್ಲೇ ಮೂತ್ರವಾಗುವುದು, ಹಗಲೆಲ್ಲ ತೂಕಡಿಸುವುದು ಕೂಡ ಹಾಗೆಯೇ. ಉಸಿರು ನಿಮಿಷಕ್ಕೆ 25 ಮುಟ್ಟಿದರೆ ತಡಮಾಡಬೇಡಿ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೀರುವಿನಲ್ಲಿದ್ದರೆ ತೆಗೆದು ಬೆರಳಿಗೆ ಹಾಕಿ. 94ಕ್ಕಿಂತ ಕೆಳಗಿದ್ದರೆ 108ಕ್ಕೆ ಫೋನ್ ಮಾಡಿ.

ನೀವು ಕೇಳಿಲ್ಲ, ಆದರೂ ಇದರ ಬೆನ್ನಿಗೇ ಬರುವ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಎಂದು ಬಂದ ಕೂಡಲೇ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗಿಸುತ್ತಾರೆ. ವಯಸ್ಸಾದ ಹೆಂಗಸರಲ್ಲಿ ಉರಿ, ನೋವು, ಜ್ವರ ಏನೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಸಾಧಾರಣವಾಗಿ ಅದಕ್ಕೆ ಮಾತ್ರೆ ಬೇಕಿಲ್ಲ. ಸುಮ್ಮನೆ ಕೊಟ್ಟರೆ ಭೇದಿ ಹತ್ತಬಹುದು, ನಾಳೆ ನಿಜವಾಗಿ ಬೇಕಾದಾಗ ಅದೇ ಮಾತ್ರೆ ನಾಟದೆ ಹೋಗಬಹುದು. ಮಂಕು ಕವಿಯಲು ಬೇರೆ ಕಾರಣಗಳೂ ಇರುತ್ತವೆ: ಮಲಬದ್ಧತೆ, ಸೋಡಿಯಂ ಇಳಿದಿರುವುದು, ಹೊಸದಾಗಿ ಸೇರಿಸಿದ ನಿದ್ದೆಮಾತ್ರೆ. ರಾತ್ರಿ ಏಳಬೇಕಲ್ಲ ಎಂದು ಸಂಜೆಯಿಂದಲೇ ನೀರು ಬಿಡುವ ಅಜ್ಜಿಯರಂತೂ ನಮ್ಮ ಕಡೆ ಮನೆಗೊಬ್ಬರು. ಆದ್ದರಿಂದ ಹೊರಡುವಾಗ ಅತ್ತೆ ನುಂಗುವ ಮಾತ್ರೆಗಳ ಶೀಟುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ನಿನ್ನೆಯಿಂದ ಎಷ್ಟು ಲೋಟ ನೀರು ಕುಡಿದರು ಎಂಬುದನ್ನೂ ಡಾಕ್ಟರಿಗೆ ಹೇಳಿ.